ಕ್ಯಾಟ್ ತೆಗೆಸ್ಲಾ, ಬೇಡ್ವಾ?

ಭಾನುವಾರ ಬೆಳಗಿನ ಜಾವ. ನಂದಿ ಬೆಟ್ಟದ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಯಾವಾಗಲೂ ಜಿಗಿದು ಹೋಗುವ ಕಾರು ಅವತ್ತು ಮೂಗು ಕಟ್ಟಿದವರ ಹಾಗೆ ಏದುಸಿರು ಬಿಡುತ್ತಾ ಹತ್ತಿತು. ಡ್ಯಾಶ್‌ಬೋರ್ಡ್ ಮೇಲೆ ಹಳದಿ ಎಂಜಿನ್ ಲೈಟ್. ಮೇಲೆ ಹೋಗಿ ಚಹಾ ಕುಡಿಯುವಾಗ ಗೆಳೆಯ ಬಗ್ಗಿ ನೋಡಿ, ಸೈಲೆನ್ಸರ್ ಹತ್ತಿರ ಮೂಸಿ ಹೇಳಿದ: "ಕ್ಯಾಟ್ ಹೋಗಿದೆ ಮಗಾ. ತೆಗೆದು ಬಿಸಾಕು. ಆಮೇಲೆ ನೋಡು ಮಜಾ."

ಆ "ತೆಗೆದು ಬಿಸಾಕು" ಅನ್ನೋ ಮಾತು ನನ್ನ ತಲೆಯಲ್ಲಿ ಐದು ವಾರ ಕೂತಿತ್ತು. ಆ ಐದು ವಾರದ ಕಥೆ ಇದು.

ಮೊದಲು ಕಾರಿನ ಬಗ್ಗೆ ಒಂದು ಮಾತು. 2013ರ ಮಾಡೆಲ್, ಎರಡು ಬಾಗಿಲು, ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಇನ್ನೂರು ಚಿಲ್ಲರೆ ಎಚ್‌ಪಿ. ನಾನು ಮೂರನೇ ಓನರ್. ಹೊಸದಾಗಿದ್ದಾಗ ಅದರ ಬೆಲೆ ಕೇಳುವ ಧೈರ್ಯವೂ ನನಗಿರಲಿಲ್ಲ. ಸೆಕೆಂಡ್‌ ಹ್ಯಾಂಡ್ ಮಾರುಕಟ್ಟೆಯಲ್ಲಿ ಒಂದು ಹೊಸ ಎಸ್‌ಯುವಿಯ ದುಡ್ಡಿಗೆ ಸಿಕ್ಕಿತು. ಊರಿಂದ ಬಂದ ಅಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹಿಂದಿನ ಸೀಟಲ್ಲಿ ಒಂದು ಅಕ್ಕಿ ಮೂಟೆ ಕೂರಲ್ವಲ್ಲೋ, ಇದೇನು ಕಾರು?" ಅಂದಿದ್ದರು. ಅಮ್ಮನಿಗೆ ಉತ್ತರ ಕೊಡೋದು ಕಷ್ಟ. ಆದರೆ ಇಂಥ ಕಾರು ಇಟ್ಟುಕೊಂಡವರಿಗೆ ಉತ್ತರ ಬೇಕಾಗೋದೂ ಇಲ್ಲ.

ಎರಡು ರೇಟು, ಒಂದು ಆಸೆ

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಸ್ಕ್ರೀನ್ ಮೇಲೆ ಪಿ0420 ಅಂತ ಕೋಡ್. ಅರ್ಥ ಸರಳ: ಕ್ಯಾಟಲಿಟಿಕ್ ಕನ್ವರ್ಟರ್ ಮಾಡಬೇಕಾದಷ್ಟು ಕೆಲಸ ಮಾಡುತ್ತಿಲ್ಲ. ಆಮೇಲೆ ಸೈಲೆನ್ಸರ್ ಪೈಪಿಗೆ ಗೇಜ್ ಹಾಕಿ ಒತ್ತಡ ನೋಡಿದರು. ಹೊಗೆ ಸಲೀಸಾಗಿ ಹೊರಗೆ ಹೋಗುತ್ತಿರಲಿಲ್ಲ. ಒಳಗೆ ಏನೋ ಕಟ್ಟಿಕೊಂಡಿತ್ತು. ನಂದಿಯ ಏದುಸಿರಿಗೆ ಕಾರಣ ಅದೇ.

ಗ್ಯಾರೇಜಿನವರು ಎರಡು ದಾರಿ ಹೇಳಿದರು. ಕಂಪನಿಯ ಹೊಸ ಕನ್ವರ್ಟರ್ ತರಿಸಿ ಹಾಕೋದು: ಕೂಲಿ ಸೇರಿ 1 ಲಕ್ಷ 70 ಸಾವಿರ. ಇಲ್ಲವೇ ಕನ್ವರ್ಟರ್ ತೆಗೆದು ಆ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಖಾಲಿ ಪೈಪ್ ಹಾಕಿ, ಎಂಜಿನ್ ಸಾಫ್ಟ್‌ವೇರ್‌ನಲ್ಲಿ ಲೈಟ್ ಬರದ ಹಾಗೆ ಮಾಡೋದು: 35 ಸಾವಿರ. "ಹಳೆ ಕ್ಯಾಟ್ ನಮಗೇ ಬಿಟ್ಟರೆ ಇನ್ನೂ ಕಮ್ಮಿ ಮಾಡ್ಕೊಡ್ತೀನಿ ಸಾರ್. ಹದಿನೈದು ಎಚ್‌ಪಿ ಜಾಸ್ತೀನೂ ಸಿಗುತ್ತೆ, ಸೌಂಡ್ ಅಂತೂ ಕೇಳಬೇಡಿ!"

ಕೆಟ್ಟು ಹೋದ ವಸ್ತುವಿಗೆ ಯಾಕೆ ಅಷ್ಟು ಬೇಡಿಕೆ? ಆ ಪ್ರಶ್ನೆಯಿಂದಲೇ ನನ್ನ ಓದು ಶುರುವಾಯಿತು.

ಡಬ್ಬಿಯೊಳಗೆ ಏನಿದೆ?

ಕಾರಿನ ಹೊಟ್ಟೆಯ ಕೆಳಗೆ, ಎಂಜಿನ್‌ಗೂ ಸೈಲೆನ್ಸರ್‌ಗೂ ನಡುವೆ ಒಂದು ಸ್ಟೀಲ್ ಡಬ್ಬಿ. ಅದರೊಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ರಂಧ್ರಗಳ ಸೆರಾಮಿಕ್ ಇಟ್ಟಿಗೆ. ಒಂದು ಚದರ ಇಂಚಿಗೆ ನಾನೂರರಷ್ಟು ರಂಧ್ರಗಳಿರುವುದು ಸಾಮಾನ್ಯ. ಆ ಗೋಡೆಗಳಿಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪನ, ಅದೂ ಕೆಲವೇ ಗ್ರಾಂ. ಬೇಡಿಕೆಯ ಗುಟ್ಟು ಅಲ್ಲಿದೆ. 2021ರಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟನ್ನೂ ಮೀರಿತ್ತು. ಆ ಹೊತ್ತಿಗೆ ಅಮೆರಿಕ, ಬ್ರಿಟನ್‌ಗಳಲ್ಲಿ ರಾತ್ರೋರಾತ್ರಿ ಕಾರಿನಡಿ ತೂರಿ ಕನ್ವರ್ಟರ್ ಕೊಯ್ದುಕೊಂಡು ಹೋಗುವ ಕಳ್ಳರು ಹೆಚ್ಚಾಗಿದ್ದರು. ನಾನು "ಹಾಳಾಗಿದೆ" ಅಂದುಕೊಂಡಿದ್ದು ಗುಜರಿಯವರ ಪಾಲಿಗೆ ಒಡವೆ.

ಈ ಲೋಹಗಳು ತಾವು ಸವೆಯದೆ ಹೊಗೆಯನ್ನು ಬದಲಿಸುತ್ತವೆ. ಕಾರ್ಬನ್ ಮೊನಾಕ್ಸೈಡ್ ಹೋಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅರ್ಧ ಉರಿದ ಪೆಟ್ರೋಲ್ ಆವಿ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ನೈಟ್ರೋಜನ್ ಆಕ್ಸೈಡ್‌ಗಳು ಒಡೆದು, ಗಾಳಿಯಲ್ಲಿ ಹೇಗೂ ಇರುವ ನೈಟ್ರೋಜನ್ ಆಗುತ್ತವೆ. ಚೆನ್ನಾಗಿ ಕಾದಿರುವ ಒಳ್ಳೆಯ ಕನ್ವರ್ಟರ್ ಈ ಮೂರರಲ್ಲೂ ಶೇ 90ಕ್ಕಿಂತ ಹೆಚ್ಚನ್ನು ಮುಗಿಸಿಬಿಡುತ್ತದೆ. ಆದರೆ ಕಾಯಬೇಕು: ಸುಮಾರು 250–300 ಡಿಗ್ರಿ ದಾಟುವವರೆಗೆ ಅದಕ್ಕೆ ಕೈಕಾಲೇ ಆಡುವುದಿಲ್ಲ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹೊಗೆಗೆ ಇಂಥದ್ದೊಂದು ಡಬ್ಬಿ ಬೇಕು ಅಂತ ಯೋಚಿಸಿದವರಲ್ಲಿ ಮೊದಲಿಗರು ಫ್ರಾನ್ಸ್‌ನಲ್ಲಿ ಹುಟ್ಟಿದ ಎಂಜಿನಿಯರ್ ಯೂಜೀನ್ ಹೂಡ್ರಿ. 1950ರ ದಶಕದಲ್ಲಿ ಲಾಸ್ ಏಂಜಲೀಸ್ ಹೊಗೆಮಂಜಿನಲ್ಲಿ ಉಸಿರುಗಟ್ಟುತ್ತಿದ್ದಾಗ ಅವರು ಇದರ ಹಿಂದೆ ಬಿದ್ದರು. ಆಗಿನ ಪೆಟ್ರೋಲಿನಲ್ಲಿ ಸೀಸ ಇತ್ತು, ಅದು ಲೇಪನವನ್ನು ಕೊಂದುಬಿಡುತ್ತಿತ್ತು. ಹಾಗಾಗಿ ಅಮೆರಿಕದ ಕಾರುಗಳಿಗೆ ಕನ್ವರ್ಟರ್ ಬರಲು 1975ರ ಮಾಡೆಲ್‌ಗಳವರೆಗೆ ಕಾಯಬೇಕಾಯಿತು. ನಮ್ಮಲ್ಲಿ 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಯಿತು. ಸೀಸದ ಪೆಟ್ರೋಲ್ ದೇಶದಿಂದ ಪೂರ್ತಿ ಹೋಗಿದ್ದು 2000ದ ಫೆಬ್ರವರಿಯಲ್ಲಿ. ಅಂದರೆ ಈ ಡಬ್ಬಿ ಮತ್ತು ನಾನು ಹೆಚ್ಚು ಕಡಿಮೆ ಓರಗೆಯವರು.

ಸುಳ್ಳು ಹೇಳಲ್ಲ, ಮಜಾ ಇದೆ

ಕ್ಯಾಟ್ ತೆಗೆದ ಕಾರು ಓಡಿಸದೆ ಅದರ ಬಗ್ಗೆ ಉಪದೇಶ ಕೊಡುವವರು ಬಹಳ ಜನ. ನಾನು ಓಡಿಸಿದೆ. ಗೆಳೆಯನ ಕಾರಿಗೆ ಹೋದ ವರ್ಷವೇ ಖಾಲಿ ಪೈಪ್ ಬಿದ್ದಿದೆ. ಹೊಸಕೋಟೆ ದಾಟಿದ ಮೇಲೆ ಕೀಲಿ ನನ್ನ ಕೈಗೆ ಕೊಟ್ಟ.

ಆಕ್ಸಿಲರೇಟರ್‌ಗೆ ಕಾಲಿಟ್ಟ ತಕ್ಷಣ ಟರ್ಬೊ ಎದ್ದು ಕೂರುತ್ತದೆ. ಕಾಲು ತೆಗೆದರೆ ಹಿಂದೆ ಪಟಪಟ ಅಂತ ಪಟಾಕಿ. ಫ್ಲೈಓವರ್ ಕೆಳಗೆ ಹೋಗುವಾಗ ಗೋಡೆಗೆ ಬಡಿದು ಬರುವ ಆ ಸದ್ದು ಕೇಳಿ ನನಗೆ ಮೈ ಜುಮ್ಮೆಂದಿತು. ಯಕ್ಷಗಾನದ ಚೆಂಡೆ ಕೇಳಿದಾಗ ಆಗುತ್ತಲ್ಲ, ಹಾಗೆ. ಈ ಆಸೆಯನ್ನು ಚಿಲ್ಲರೆ ಅಂತ ತಳ್ಳಿಹಾಕುವವರ ಪೈಕಿ ನಾನಲ್ಲ.

ಆದರೆ ಲೆಕ್ಕಕ್ಕೆ ಕೂತರೆ ಕಥೆ ಬೇರೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಕ್ಯಾಟ್ ತೆಗೆದರೆ ಸಿಗೋದು ಕೆಲವೇ ಎಚ್‌ಪಿ, ಸೀಟಿನಲ್ಲಿ ಕೂತವರಿಗೆ ಗೊತ್ತೇ ಆಗದಷ್ಟು. ಟರ್ಬೊ ಎಂಜಿನ್‌ನಲ್ಲಿ ಸ್ವಲ್ಪ ಹೆಚ್ಚು, ಅದೂ ಸಾಫ್ಟ್‌ವೇರ್ ಬದಲಿಸಿದರೆ. ಆ ಹೆಚ್ಚಳದಲ್ಲಿ ದೊಡ್ಡ ಪಾಲು ಸಾಫ್ಟ್‌ವೇರಿನದ್ದೇ. 600 ಎಚ್‌ಪಿಗೂ ಹೆಚ್ಚು ಕೊಡುವ ಪೋರ್ಷೆ, ಫೆರಾರಿ ಕಾರುಗಳು ಕಾರ್ಖಾನೆಯಿಂದ ಹೊರಬರುವಾಗ ಕನ್ವರ್ಟರ್ ಹೊತ್ತುಕೊಂಡೇ ಬರುತ್ತವೆ. ಅವಕ್ಕೆ ಅಡ್ಡಿಯಾಗದ್ದು ನನ್ನ ಇನ್ನೂರು ಎಚ್‌ಪಿಗೆ ಅಡ್ಡಿಯಾಗುತ್ತದಾ? ಕಟ್ಟಿಕೊಂಡ ಕ್ಯಾಟ್‌ನಿಂದ ಶಕ್ತಿ ಹೋಗಿದ್ದು ನಿಜ. ಆದರೆ ಅದು ಕಟ್ಟಿಕೊಂಡಿದ್ದರ ತಪ್ಪು, ಕ್ಯಾಟ್‌ನ ತಪ್ಪಲ್ಲ.

ಕಾನೂನಿನ ಮಾತು ಬಂದರೆ

"ಬೆಂಗಳೂರಲ್ಲಿ ಯಾರು ಚೆಕ್ ಮಾಡ್ತಾರೆ ಮಗಾ?" ಅಂದ ಗೆಳೆಯ. ಚೆಕ್ ಮಾಡುವವರು ಕಡಿಮೆ ಇರಬಹುದು. ಕಾನೂನು ಮಾತ್ರ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಓನರ್‌ಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹೊಗೆ ಮತ್ತು ಶಬ್ದದ ಮಿತಿ ಮೀರಿದ ಗಾಡಿ ರಸ್ತೆಗಿಳಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ.

ಎಮಿಷನ್ ಟೆಸ್ಟ್ ಇನ್ನೊಂದು ತಲೆನೋವು. ನನ್ನಂಥ ಬಿಎಸ್-4 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3 ದಾಟಬಾರದು, ಹೈಡ್ರೋಕಾರ್ಬನ್ 200 ಪಿಪಿಎಂ ದಾಟಬಾರದು. ಕ್ಯಾಟ್ ಇಲ್ಲದೆ ಇದನ್ನು ನೇರ ದಾರಿಯಲ್ಲಿ ಪಾಸಾಗುವುದು ಕಷ್ಟ. ಅಡ್ಡದಾರಿ ಹೇಳಿಕೊಡುವವರು ಇದ್ದಾರೆ, ನಿಮಗೂ ಗೊತ್ತು. 2028ಕ್ಕೆ ನನ್ನ ಕಾರಿಗೆ 15 ವರ್ಷ. ಆರ್‌ಸಿ ನವೀಕರಣಕ್ಕೆ ಗಾಡಿ ತೋರಿಸಬೇಕು. ಆಗ ಮತ್ತೆ ಆ ಡಬ್ಬಿಗೆ ಹುಡುಕಾಟ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವ ಪ್ರಶ್ನೆಗಳಲ್ಲೊಂದು, "ಗಾಡಿಯಲ್ಲಿ ಏನಾದರೂ ಬದಲಾಯಿಸಿದ್ದೀರಾ?"

ಇಷ್ಟೆಲ್ಲ ತಿಳಿದ ಮೇಲೂ, ನಿಜ ಹೇಳ್ತೀನಿ, ನನ್ನ ಮನಸ್ಸು ಪೈಪಿನ ಕಡೆಗೇ ಇತ್ತು. ವ್ಯತ್ಯಾಸ 1 ಲಕ್ಷ 35 ಸಾವಿರ. ದಂಡ ಬಿದ್ದರೂ ಲಾಭವೇ ಅಂತ ಮನಸ್ಸು ಬಡ್ಡಿ ಲೆಕ್ಕ ಹಾಕುತ್ತಿತ್ತು.

ಬೇಸ್‌ಮೆಂಟ್‌ನಲ್ಲಿ ಕೇಳಿದ ಮಾತು

ಗೆಳೆಯ ಶನಿವಾರ ರಾತ್ರಿ ನಮ್ಮ ಅಪಾರ್ಟ್‌ಮೆಂಟಿಗೆ ಬರುತ್ತಾನೆ. ಕಾರು ಬೇಸ್‌ಮೆಂಟಿನ ವಿಸಿಟರ್ಸ್ ಜಾಗದಲ್ಲಿ. ಪಕ್ಕದಲ್ಲೇ, ಇಳಿಜಾರಿನ ಬುಡದಲ್ಲಿ, ರಾತ್ರಿ ಪಾಳಿಯ ವಾಚ್‌ಮನ್ ಕೂರುವ ಪ್ಲಾಸ್ಟಿಕ್ ಕುರ್ಚಿ. ರಾಯಚೂರು ಕಡೆಯವರು, ವಯಸ್ಸು ಐವತ್ತು ದಾಟಿದೆ. ನನ್ನ ಕಾರು ಕಂಡರೆ ಪ್ರೀತಿ. ಯಾರಾದರೂ ಪಕ್ಕದಲ್ಲಿ ಬೈಕ್ ಒತ್ತಿ ನಿಲ್ಲಿಸಿದರೆ ಜಗಳ ಮಾಡಿ ತೆಗೆಸುತ್ತಾರೆ.

ಒಂದು ಭಾನುವಾರ ಮುಂಜಾನೆ ಗೆಳೆಯನನ್ನು ಕಳಿಸಲು ಕೆಳಗೆ ಹೋದೆ. ಅವನು ಸ್ಟಾರ್ಟ್ ಮಾಡಿ, ಫೋನ್ ನೋಡುತ್ತಾ ನಾಲ್ಕೈದು ನಿಮಿಷ ಕೂತ. ಬೇಸ್‌ಮೆಂಟ್ ಗಡಗಡ ನಡುಗಿತು. ಅವನು ಹೋದ ಮೇಲೆ ನಾನು ವಾಚ್‌ಮನ್ ಅಣ್ಣನ ಹತ್ತಿರ ಹೆಮ್ಮೆಯಿಂದ, "ಹೇಗಿದೆ ಸೌಂಡು? ನಂದೂ ಹೀಗೇ ಮಾಡಿಸಬೇಕು ಅಂತಿದೀನಿ" ಅಂದೆ.

ಅವರು ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ಗಾಡಿ ಭಾಳ ಚಲೋ ಅದ ರೀ. ಆದ್ರ ಅದು ಹೋದ ಮ್ಯಾಲ ಕಣ್ಣು ಉರೀತಾವ್ರಿ, ತಲಿ ಭಾರ ಆಗ್ತದ. ನಾ ಮ್ಯಾಲ ಹೋಗಿ ಗೇಟ್ ಕಡೆ ಒಂದೀಟು ನಿಂತು ಬರ್ತೀನ್ರಿ." ದೂರಿನ ದನಿಯೇ ಇಲ್ಲ. ಮಳೆ ಬಂದರೆ ಒಳಗೆ ಬರ್ತೀನಿ ಅನ್ನುವ ಹಾಗೆ ಹೇಳಿದರು.

ಅವರ ತಲೆಭಾರಕ್ಕೆ ಅದೊಂದೇ ಕಾರಣ ಅಂತ ನಾನು ಡಾಕ್ಟರ ಹಾಗೆ ಹೇಳಲಾರೆ. ಆದರೆ ನಾನು ಓದಿದ್ದೆಲ್ಲ ಆ ಕುರ್ಚಿಯ ಸುತ್ತ ಬಂದು ನಿಂತಿತು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಸುಸ್ತು ಅದರ ಮೊದಲ ಲಕ್ಷಣಗಳು. ಗಾಳಿಯಾಡದ ಬೇಸ್‌ಮೆಂಟ್ ಅದಕ್ಕೆ ಹೇಳಿ ಮಾಡಿಸಿದ ಜಾಗ. ಎಮಿಷನ್ ಟೆಸ್ಟಿನವರು ನಿಮಿಷ ಕಾಲ ಅಳೆಯುವುದನ್ನು ಈ ಮನುಷ್ಯ ಇಡೀ ರಾತ್ರಿ ಉಸಿರಾಡುತ್ತಾರೆ.

ಇನ್ನೊಂದು ಚುಚ್ಚಿತು. ಕ್ಯಾಟ್ ಕಾಯಲು ಸಮಯ ಬೇಕು ಅಂದೆನಲ್ಲ? ಅಂದರೆ ಎಷ್ಟೇ ಒಳ್ಳೆಯ ಕಾರಾದರೂ, ಸ್ಟಾರ್ಟ್ ಮಾಡಿದ ಮೊದಲ ಅರ್ಧ-ಒಂದು ನಿಮಿಷದ ಹೊಗೆ ಹೆಚ್ಚು ಕಡಿಮೆ ಹಸಿಹಸಿಯಾಗಿಯೇ ಬರುತ್ತದೆ. ಆ ಒಂದು ನಿಮಿಷ ನಡೆಯೋದು ಬೇಸ್‌ಮೆಂಟಿನಲ್ಲೇ. ಕ್ಯಾಟ್ ಇದ್ದರೆ ಅದು ಒಂದು ನಿಮಿಷಕ್ಕೆ ಮುಗಿಯುತ್ತದೆ. ಇಲ್ಲದಿದ್ದರೆ ಮುಗಿಯುವುದೇ ಇಲ್ಲ. ಎಂಜಿನ್ ಬಿಸಿಯಾಗಲಿ ಅಂತ ನಾನೂ ಎಷ್ಟೋ ದಿನ ಐದೈದು ನಿಮಿಷ ಅಲ್ಲೇ ನಿಂತಿದ್ದೇನೆ. ಆಗ ಆ ಕುರ್ಚಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಪ್ಪ ಕೇಳಿದ ಪ್ರಶ್ನೆ

ಅವತ್ತು ರಾತ್ರಿ ಹಾಸನಕ್ಕೆ ಫೋನ್ ಮಾಡಿದೆ. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಟರ್ಬೊ, ಎಚ್‌ಪಿ, ಎರಡು ರೇಟು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಅದು ಯಾಕೆ ಸತ್ತಿತು ಅಂತ ನೋಡಿದ್ರೇನೋ?"

ನೋಡಿರಲಿಲ್ಲ. ಗ್ಯಾರೇಜಿನವರೂ ನೋಡಿರಲಿಲ್ಲ, ನಾನೂ ಕೇಳಿರಲಿಲ್ಲ. "ಆ ಸಾಮಾನು ತಾನಾಗಿ ಸಾಯಲ್ಲ ಕಣೋ. ಏನೋ ಕೊಂದಿರುತ್ತೆ. ಕೊಂದಿದ್ದನ್ನ ಬಿಟ್ಟು ಹೆಣ ಎತ್ತಿ ಬಿಸಾಕಿದ್ರೆ ಏನು ಬಂತು?"

ಮರುದಿನ ಬೇರೊಂದು ಗ್ಯಾರೇಜಿಗೆ ಹೋಗಿ, ಎಂಜಿನ್‌ನ ನೆನಪಿನಲ್ಲಿದ್ದ ಎಲ್ಲ ಕೋಡ್ ತೆಗೆಸಿದೆ. ಪಿ0420ರ ಕೆಳಗೆ ಇನ್ನೊಂದು ಕೂತಿತ್ತು: ಪಿ0303. ಮೂರನೇ ಸಿಲಿಂಡರ್ ಮಿಸ್‌ಫೈರ್. ಇಗ್ನಿಷನ್ ಕಾಯಿಲ್ ಸೊರಗಿತ್ತು. ಕಿಡಿ ಸರಿಯಾಗಿ ಬೀಳದೆ, ಉರಿಯದ ಪೆಟ್ರೋಲ್ ನೇರವಾಗಿ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದಿದೆ. ಆ ಕಾವಿಗೆ ಒಳಗಿನ ಜೇನುಗೂಡು ಕರಗಿ ಮುದ್ದೆಯಾಗಿದೆ.

ಆಗ ನೆನಪಾಯಿತು. ನಂದಿಗೆ ಹೋಗುವ ಮೂರು ವಾರ ಮೊದಲೇ ಎಂಜಿನ್ ಲೈಟ್ ಮಿಣುಕಿತ್ತು. ಉರಿಯುವ ಲೈಟ್ ಎಚ್ಚರಿಕೆ, ಮಿಣುಕುವ ಲೈಟ್ ಬೊಬ್ಬೆ: "ಈಗಲೇ ನಿಧಾನ ಮಾಡು, ಕ್ಯಾಟ್ ಸುಡುತ್ತಿದೆ" ಅಂತ. ರಿಲೀಸ್ ವಾರ, ಆಫೀಸಿನಲ್ಲಿ ಕೆಲಸ ಇತ್ತು, ಆಮೇಲೆ ನೋಡೋಣ ಅಂದುಕೊಂಡೆ. ಕೆಲವು ಸಾವಿರದ ಕಾಯಿಲ್ ಬದಲಿಸದೆ ಲಕ್ಷದ ಸಾಮಾನನ್ನು ಕೊಂದವನು ನಾನೇ. ಪೈಪ್ ಹಾಕಿಸಿದ್ದರೆ ಲೈಟೂ ಬರುತ್ತಿರಲಿಲ್ಲ, ಕಾಯಿಲ್ ಕೆಟ್ಟಿದ್ದು ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತು. ನನ್ನ ಉದಾಸೀನದ ಬಿಲ್ಲು ಬೇಸ್‌ಮೆಂಟಿನ ಕುರ್ಚಿಗೆ ಹೋಗುತ್ತಿತ್ತು, ಪ್ರತಿ ರಾತ್ರಿ, ಕಂತಿನಲ್ಲಿ.

ಥಾಯ್ಲೆಂಡ್ ಟ್ರಿಪ್‌ಗೆ ಎತ್ತಿಟ್ಟ ದುಡ್ಡು ಮುರಿದೆ. ಮೊದಲು ನಾಲ್ಕೂ ಕಾಯಿಲ್, ಪ್ಲಗ್. ಆಮೇಲೆ ಹೊಸ ಕನ್ವರ್ಟರ್. ಹಳೆಯದನ್ನು ಕೇಳಿ ಪಡೆದುಕೊಂಡು, ಎರಡು ಕಡೆ ವಿಚಾರಿಸಿ ಗುಜರಿಗೆ ಹಾಕಿದಾಗ 14 ಸಾವಿರ ವಾಪಸ್ ಬಂತು. ಕೈ ಸುಟ್ಟಿದ್ದು ಸುಟ್ಟಿದ್ದೇ. ಆದರೆ ನಂದಿಯ ಅದೇ ತಿರುವಿನಲ್ಲಿ ಕಾರು ಮತ್ತೆ ಜಿಗಿಯಿತು.

ನಿಮಗೂ ಈ ಯೋಚನೆ ಇದ್ದರೆ

* ಕೋಡ್ ಬಂದ ಮಾತ್ರಕ್ಕೆ ಕ್ಯಾಟ್ ಸತ್ತಿದೆ ಅಂತಲ್ಲ. ಸೈಲೆನ್ಸರ್ ಪೈಪಿನ ಜಾಯಿಂಟ್‌ನಲ್ಲಿ ಲೀಕ್ ಇದ್ದರೂ, ಹಿಂದಿನ ಆಕ್ಸಿಜನ್ ಸೆನ್ಸರ್ ಹಳತಾದರೂ ಪಿ0420 ಬರಬಹುದು. ಅವನ್ನು ಮೊದಲು ನೋಡಿಸಿ.
* ಕ್ಯಾಟ್ ನಿಜವಾಗಿ ಹೋಗಿದ್ದರೆ ಕಾರಣ ಹುಡುಕಿ: ಮಿಸ್‌ಫೈರ್, ಆಯಿಲ್ ಉರಿಯುವುದು, ರೋಡ್ ಹಂಪ್‌ಗೆ ಬಡಿದದ್ದು. ಕಾರಣ ಬಿಟ್ಟು ಹೊಸದು ಹಾಕಿದರೆ ಅದೂ ಹೋಗುತ್ತದೆ.
* ಎಂಜಿನ್ ಲೈಟ್ ಮಿಣುಕಿದರೆ ಆ ದಿನವೇ ಗ್ಯಾರೇಜು.
* ಹಳೆಯ ಕ್ಯಾಟ್ ನಿಮ್ಮದು. ಪುಕ್ಕಟೆ ಬಿಟ್ಟುಕೊಡಬೇಡಿ.
* ಸದ್ದೇ ಬೇಕು, ವೇಗವೇ ಬೇಕು ಅಂದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟುಕೋಟ್ಟೈ ಟ್ರ್ಯಾಕ್ ಇವೆ. ರೇಸಿಗೆಂದೇ ಕಟ್ಟಿ, ಟ್ರೈಲರ್ ಮೇಲೆ ಒಯ್ಯುವ ಕಾರಿನ ಮಾತು ಬೇರೆ. ಹಾಲು ತರಲು ಹೋಗುವ ಕಾರಿನ ಮಾತು ಬೇರೆ.
* ಬೇಸ್‌ಮೆಂಟಿನಲ್ಲಿ ಸ್ಟಾರ್ಟ್ ಮಾಡಿದ ಮೇಲೆ ನಿಲ್ಲಬೇಡಿ. ನಿಧಾನವಾಗಿ ಓಡಿಸಿದರೆ ಎಂಜಿನ್ ದಾರಿಯಲ್ಲೇ ಬಿಸಿಯಾಗುತ್ತದೆ.

ಹೊಸ ಕ್ಯಾಟ್ ಬಿದ್ದ ಮಾರನೇ ದಿನ ಇಳಿಜಾರು ಹತ್ತುವಾಗ ವಾಚ್‌ಮನ್ ಅಣ್ಣ ಕೈ ಅಡ್ಡ ಹಿಡಿದರು. "ಏನ್ ರೀ, ಸಪ್ಪಳಾನೇ ಇಲ್ಲ? ಮಾಡಸ್ತೀನಿ ಅಂದಿದ್ರಿ, ಮಾಡಸಲಿಲ್ಲೇನ್ರಿ?" ಇಲ್ಲ ಅಂದೆ. "ದುಡ್ಡು ಸಾಲಲಿಲ್ಲೇನು?" ಅಂತ ಮರುಗಿದರು. ಹೌದು ಅಂದುಬಿಟ್ಟೆ.

ಈ ಕಥೆಯನ್ನು ಗೆಳೆಯನಿಗೂ ಹೇಳಿದೆ. "ಹುಚ್ಚು ನಿಂಗೆ" ಅಂತ ನಕ್ಕ. ಅವನ ಪೈಪ್ ಇನ್ನೂ ಹಾಗೇ ಇದೆ. ಆದರೆ ಕಳೆದ ಎರಡು ಶನಿವಾರದಿಂದ ಅವನು ಕಾರನ್ನು ಬೇಸ್‌ಮೆಂಟಿಗೆ ಇಳಿಸುತ್ತಿಲ್ಲ. ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ ನಿಲ್ಲಿಸಿ ನಡೆದುಕೊಂಡು ಬರುತ್ತಾನೆ. ಯಾಕೆ ಅಂತ ನಾನೂ ಕೇಳಿಲ್ಲ, ಅವನೂ ಹೇಳಿಲ್ಲ.